ರೊಟ್ಟಿಯ ಮಗ್ಗುಲಿನ ಹಿಂಡಿ

ವಿಜಯಪುರ ಸೀಮೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳನ್ನು ಸಕ್ಕರೆ ಕಾಯಿಲೆಗೆ ಮದ್ದೆಂದು ಹೊಗಳುವವರು ಈಗ ಹೆಚ್ಚು. ಹಿರಿಯರು ಹಾಗೆಣಿಸಿ ಕುಟ್ಟಿದ್ದಲ್ಲ; ಹೊಲವೇ ಅದನ್ನು ತಾಟಿಗೆ ತಂದಿತು. ಎರೆ ನೆಲ ಹಿಡಿದಿಟ್ಟ ತೇವದ ಮೇಲೆ ಹಿಂಗಾರಿ ಬಿಳಿಜೋಳ, ನಡುವೆ ಅಕ್ಕಡಿ ಸಾಲಾಗಿ ಕುಸುಬಿ, ಅಗಸಿ. ಮುಳ್ಳಿನ ಕುಸುಬಿ ದನಗಳಿಗೆ ಬೇಲಿಯೂ ಆಯಿತು. ಹೀಗೆ ಜೋಳದ ಜೊತೆಗೇ ಎಣ್ಣೆಕಾಳು ಮನೆ ಸೇರಿತು. ಗಾಣಕ್ಕೆ ಹೋದ ಕಾಳಿನ ಎಣ್ಣೆ ಮನುಷ್ಯರಿಗೆ, ಉಳಿದ ಹಿಂಡಿ ದನಗಳಿಗೆ. ಒರಳಿಗೆ ಬಿದ್ದದ್ದು ಮಾತ್ರ ಇಡಿಯಾಗಿ ತಾಟಿಗೆ ಬಂತು. ದನದ ಮೇವಿಗೂ ರೊಟ್ಟಿಯ ವ್ಯಂಜನಕ್ಕೂ 'ಹಿಂಡಿ' ಎಂಬ ಒಂದೇ ಹೆಸರಿರುವುದು ಸೋಜಿಗವೇ.

ಲಾಭವಿದ್ದರೆ ಅದು ಆ ಇಡಿತನದಲ್ಲಿದೆ. ನಾರು, ಕೊಬ್ಬು, ಪ್ರೋಟೀನು ಊಟ ಜಠರದಿಂದ ಮುಂದೆ ಸಾಗುವುದನ್ನು ನಿಧಾನಿಸುತ್ತವೆ. ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗುವುದಿಲ್ಲ. ಅಗಸಿಯ ಪ್ರಯೋಗಗಳಲ್ಲಿ ಕಂಡ ಇಳಿಕೆ ಸಣ್ಣದು, ಎಲ್ಲ ಕಡೆ ಒಂದೇ ಸಮನೂ ಅಲ್ಲ. ಗುಳಿಗೆ ಬಿಡಲು ಅದು ಕಾರಣವಾಗದು. ಹಿಂದಿನವರನ್ನು ಕಾಯ್ದದ್ದು ದುಡಿಮೆ, ಹಿಂಡಿಯಲ್ಲ ಎಂಬ ಆಕ್ಷೇಪವಿದೆ. ಅರ್ಧ ಒಪ್ಪಬೇಕು. ದುಡಿಮೆಯ ಜೊತೆ ಹಸಿವೂ ಇತ್ತು; 1876–78ರ ಬರ ಕಂಡ ಸೀಮೆಯ ಹಸಿವನ್ನು ಆರೋಗ್ಯವೆಂದು ಕರೆಯಲಾಗದು. ಆದರೆ ಬದಲಾದದ್ದು ದುಡಿಮೆಯೊಂದೇ ಅಲ್ಲ. 1964ರಲ್ಲಿ ಅಡಿಗಲ್ಲು ಕಂಡ ಆಲಮಟ್ಟಿ ಅಣೆಕಟ್ಟೆಯ ನೀರು ಹರಿದಲ್ಲಿ ಬೆಳೆಯ ಲೆಕ್ಕ ತಿರುಗಿತು. 2013ರ ಅನ್ನಭಾಗ್ಯ ಯೋಜನೆ ಹಸಿವು ನೀಗಿಸುತ್ತಲೇ ಅಕ್ಕಿಯನ್ನು ಅಗ್ಗವಾಗಿಸಿತು. ರೊಟ್ಟಿ ಹಿಂದೆ ಸರಿದಷ್ಟು ಹಿಂಡಿಯೂ ಸರಿಯಿತು. ಬಿಳಿ ಅನ್ನದ ರಾಶಿಯ ಮೇಲೆ ಒಂದು ಚಮಚ ಅಗಸಿ ಪುಡಿ ಉದುರಿಸಿದರೆ ಆ ಹಳೆಯ ಊಟ ಮರಳಿ ಬರುವುದಿಲ್ಲ.