ಇಫುಗಾವೊ ಜನರ ಸೋಪಾನಕ್ಷೇತ್ರಗಳು

ಫಿಲಿಪೈನ್ಸಿನ ಲುಜಾನ್ ದ್ವೀಪದ ಕಾರ್ಡಿಲ್ಲೆರಾ ಪರ್ವತಗಳಲ್ಲಿ, ಕಡಿದಾದ ಇಳಿಜಾರುಗಳಿಗೆ ಕಲ್ಲುಮಣ್ಣುಗಳ ಒಡ್ಡು ಕಟ್ಟಿ ಬತ್ತ ಬೆಳೆದ ಇಫುಗಾವೊ ಜನರು, ಗದ್ದೆಗಳ ನೆತ್ತಿಯ ಮೇಲಣ ‘ಮುಯೊಂಗ್’ ಎಂಬ ಕಾಡನ್ನು ಕುಟುಂಬದ ಆಸ್ತಿಯಾಗಿ ಕಾಪಾಡಿಕೊಂಡು ಬಂದುದು, ಅದು ಬರಿದಾದರೆ ಕೆಳಗೆ ನೀರಿಲ್ಲವೆಂಬುದನ್ನು ಬಲ್ಲವರಾದುದರಿಂದಲೇ. ವರ್ಷಕ್ಕೊಮ್ಮೆ ಮಾತ್ರ ಕೈಗೆ ಬರುವ ‘ತಿನವೊನ್’ ಬತ್ತದ ಸಲುವಾಗಿ ‘ಮುಂಬಾಕಿ’ಯೆಂಬ ಪುರೋಹಿತನು ಪಿತೃಗಳನ್ನು ಹೆಸರು ಹಿಡಿದು ಆವಾಹಿಸುವನು, ‘ಬುಲುಲ್’ ಎಂಬ ಮರದ ಮೂರ್ತಿಗಳು ಕಣಜವನ್ನು ಕಾಯುವುವು. ಕೊಯ್ಲಿನಲ್ಲಿಯೂ ಶವಜಾಗರಣೆಯಲ್ಲಿಯೂ ಹಾಡುವ ‘ಹುಡ್‌ಹುಡ್’ ಕಥನಗೀತವನ್ನು ನಡೆಸುವವಳು ಸಾಮಾನ್ಯವಾಗಿ ವೃದ್ಧೆ.

ಈ ಗದ್ದೆಗಳಿಗೆ 2,000 ವರ್ಷಗಳ ವಯಸ್ಸೆಂದು ಬಹುಕಾಲ ನಂಬಿದ್ದರು. ಇತ್ತೀಚಿನ ಉತ್ಖನನಗಳಾದರೋ ಅವುಗಳ ವಿಸ್ತಾರವನ್ನು 17ನೆಯ ಶತಮಾನಕ್ಕೆ, ಸ್ಪೇನಿನ ಆಳ್ವಿಕೆಗೆ ಮಣಿಯದೆ ಬೆಟ್ಟವೇರಿದವರ ಕಾಲಕ್ಕೆ ತರುತ್ತವೆ. ಪ್ರಾಚೀನತೆ ಕುಗ್ಗಿತೆಂದು ಕೊರಗುವವರು ಕೊರಗಲಿ. ಇಷ್ಟನ್ನು ಕೆಲವೇ ತಲೆಮಾರುಗಳಲ್ಲಿ ಕಟ್ಟಿದರೆಂಬುದೇ ನನಗೆ ಹೆಚ್ಚಿನ ಸೋಜಿಗ.