ವೈದ್ಯನ ಹಿಂದೆ ನಡೆದವರು: ಜಾಫ್ನಾದ ವೈದ್ಯ ವಿದ್ಯಾರ್ಥಿಗಳು ಮತ್ತು ಶಿಷ್ಯತ್ವದ ಭಾಷೆ

ಮಿಷನ್ ಆಸ್ಪತ್ರೆಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸ್ಥಾಪಕರ ಚರಿತ್ರೆಯಾಗಿ ಓದುತ್ತೇವೆ. ಆ ಸ್ಥಾಪಕರ ಪಕ್ಕದಲ್ಲಿ ನಿಂತು, ನೋಡಿ, ಕೈಜೋಡಿಸಿ ವೈದ್ಯರಾದ ಸ್ಥಳೀಯ ಯುವಕರತ್ತ ನಮ್ಮ ಗಮನ ಹರಿಯುವುದು ವಿರಳ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಶ್ರೀಲಂಕೆಯ ಜಾಫ್ನಾ ಪ್ರಾಂತದಲ್ಲಿ ಇಂಥ ಯುವಕರ ಒಂದು ಪರಂಪರೆಯೇ ಬೆಳೆಯಿತು. ಗುರುವಿನ ಹಿಂದೆ ನಡೆಯುವುದೆಂದರೆ ಏನು, ಕಲಿತದ್ದನ್ನು ಯಾವ ಭಾಷೆಯಲ್ಲಿ ತನ್ನದಾಗಿಸಿಕೊಳ್ಳಬೇಕು ಎಂಬ ಎರಡು ಪ್ರಶ್ನೆಗಳು ಅಲ್ಲಿ ಒಟ್ಟಿಗೆ ಎದ್ದವು. ಸಭೆಗೆ ಸೇವಕರನ್ನು ಸಿದ್ಧಗೊಳಿಸುವ ನಮಗೂ ಅವು ಹೊರಗಿನ ಪ್ರಶ್ನೆಗಳಲ್ಲ.

ಅಮೆರಿಕನ್ ಬೋರ್ಡಿನ ಮಿಷನರಿಗಳು ಜಾಫ್ನಾಕ್ಕೆ ಬಂದುದು 1816ರಲ್ಲಿ. ವೈದ್ಯ ಜಾನ್ ಸ್ಕಡರ್ 1820ರ ಸುಮಾರಿಗೆ ಅಲ್ಲಿ ಸೇವೆಯನ್ನಾರಂಭಿಸಿದರು. ವೆಲ್ಲೂರಿನ ವೈದ್ಯಕೀಯ ಸೇವೆಯನ್ನು ಕಟ್ಟಿದ ಐಡಾ ಸ್ಕಡರ್ ಇವರ ಮೊಮ್ಮಗಳು. ಸ್ಕಡರ್ ಮದರಾಸಿಗೆ ತೆರಳಿದ ಅನಂತರ, 1847ರಲ್ಲಿ, ಸಾಮ್ಯುಯೆಲ್ ಫಿಸ್ಕ್ ಗ್ರೀನ್ ಎಂಬ ತರುಣ ವೈದ್ಯರು ಜಾಫ್ನಾಕ್ಕೆ ಬಂದರು. ಮರುವರ್ಷ ಮಾನಿಪ್ಪಾಯ್ ಎಂಬ ಊರಿನಲ್ಲಿ ನೆಲೆಸಿ, ಚಿಕಿತ್ಸಾಲಯದೊಂದಿಗೆ ವೈದ್ಯ ಶಿಕ್ಷಣವನ್ನೂ ಆರಂಭಿಸಿದರು.

ಗ್ರೀನ್ ತಂದದ್ದು ತಮ್ಮ ನಾಡಿನ ರೂಢಿಯನ್ನೇ. ಅಂದಿನ ಅಮೆರಿಕದಲ್ಲಿ ವೈದ್ಯನಾಗಬಯಸುವ ಯುವಕನು ಹಿರಿಯ ವೈದ್ಯನೊಬ್ಬನ ಬಳಿ ಕೆಲವು ವರ್ಷ ಶಿಷ್ಯನಾಗಿದ್ದು, ಅವನ ಪುಸ್ತಕಗಳನ್ನು ಓದುತ್ತ, ಅವನೊಡನೆ ರೋಗಿಗಳನ್ನು ಕಾಣುತ್ತ ಕಲಿಯುವುದು ವಾಡಿಕೆಯಾಗಿತ್ತು. ಮಾನಿಪ್ಪಾಯಲ್ಲಿಯೂ ಪಾಠಪುಸ್ತಕ ಒಂದು ಕೈಯಾದರೆ ಚಿಕಿತ್ಸಾಲಯ ಇನ್ನೊಂದು ಕೈ. ವಿದ್ಯಾರ್ಥಿಗಳು ಔಷಧಿಯನ್ನು ಬೆರೆಸಿದರು, ಗಾಯಗಳಿಗೆ ಪಟ್ಟಿ ಕಟ್ಟಿದರು, ಶಸ್ತ್ರಚಿಕಿತ್ಸೆಯ ವೇಳೆ ನೆರವಾದರು. ಸರದಿಗಾಗಿ ಕಾದಿರುವ ರೋಗಿಗಳಿಗೆ ಸುವಾರ್ತೆಯನ್ನು ಸಾರುವುದೂ ಅಲ್ಲಿನ ದಿನಚರಿಯ ಭಾಗವಾಗಿತ್ತು. ಹೀಗೆ 60ಕ್ಕೂ ಹೆಚ್ಚು ಮಂದಿ ಗ್ರೀನ್ ಅವರ ಕೈಕೆಳಗೆ ವೈದ್ಯರಾದರು. ಸರ್ಕಾರವು ಕೊಲಂಬೊದಲ್ಲಿ ವೈದ್ಯಶಾಲೆಯನ್ನು ತೆರೆದುದು 1870ರಲ್ಲಿ. ಅದಕ್ಕಿಂತ ಎರಡು ದಶಕಗಳ ಮೊದಲೇ ಈ ಕಾರ್ಯ ನಡೆದಿತ್ತು.

ಮೊದಲ ತಂಡಗಳ ಶಿಕ್ಷಣ ಇಂಗ್ಲಿಷಿನಲ್ಲಿ ನಡೆಯಿತು. ಆದರೆ ಇಂಗ್ಲಿಷಿನಲ್ಲಿ ಕಲಿತವರು ವೇತನವನ್ನರಸಿ ಸರ್ಕಾರಿ ಕೆಲಸಕ್ಕೆ ತೆರಳುವುದನ್ನೂ, ಉಡುಗೆತೊಡುಗೆಯಲ್ಲಿ ಹಳ್ಳಿಯ ಜನರಿಂದ ದೂರವಾಗುವುದನ್ನೂ ಗ್ರೀನ್ ಕಂಡರು. ಕ್ರೈಸ್ತರಾಗುವುದಕ್ಕಾಗಿ ಯೂರೋಪಿನವರಾಗಬೇಕಾಗಿಲ್ಲ ಎಂಬುದು ಅವರ ದೃಢವಾದ ನಂಬಿಕೆ. ಸ್ವದೇಶದಲ್ಲಿ ಕೆಲಕಾಲವಿದ್ದು 1862ರಲ್ಲಿ ಮರಳಿದ ಮೇಲೆ ಅವರು ಶಿಕ್ಷಣವನ್ನು ತಮಿಳಿಗೆ ತಿರುಗಿಸಿದರು. ಶಿಷ್ಯರ ನೆರವಿನಿಂದ ಅಂಗರಚನೆ, ಪ್ರಸೂತಿ, ಶಸ್ತ್ರಚಿಕಿತ್ಸೆಗಳ ಗ್ರಂಥಗಳು ತಮಿಳಾದವು. ಗ್ರೇ ಅವರ ಪ್ರಸಿದ್ಧ ಅಂಗರಚನಾ ಗ್ರಂಥವೂ 1872ರಲ್ಲಿ ತಮಿಳಿನಲ್ಲಿ ಅಚ್ಚಾಯಿತು. ಪಾರಿಭಾಷಿಕ ಪದಕ್ಕಾಗಿ ಮೊದಲು ತಮಿಳನ್ನು, ಅಲ್ಲಿ ದೊರೆಯದಿದ್ದರೆ ಸಂಸ್ಕೃತವನ್ನು, ಕೊನೆಗೆ ಇಂಗ್ಲಿಷನ್ನು ಆಶ್ರಯಿಸುವುದು ಅವರ ಕ್ರಮವಾಗಿತ್ತು.

ಇದರ ಬೆಲೆಯನ್ನು ಮರೆಮಾಚುವುದು ಚರಿತ್ರೆಗೆ ನ್ಯಾಯವಲ್ಲ. ವಸಾಹತು ಆಡಳಿತದ ಭಾಷೆಯನ್ನರಿಯದ ವೈದ್ಯನಿಗೆ ದೊಡ್ಡ ಹುದ್ದೆಗಳ ಬಾಗಿಲು ಕಿರಿದಾಯಿತು. ಇಂಗ್ಲಿಷನ್ನು ಬಲ್ಲ ಗುರು ಅದನ್ನು ಬದಿಗಿರಿಸಬಹುದು. ಅದನ್ನು ಇನ್ನೂ ಪಡೆಯದ ಶಿಷ್ಯನಿಗೆ ಆ ತ್ಯಾಗ ಬೇರೆಯೇ ಆಗಿತ್ತು. ಇದಲ್ಲದೆ, ಮಾನಿಪ್ಪಾಯಲ್ಲಿ ಕಲಿತವರು ಪುರುಷರು. ಬರೇಲಿಯಲ್ಲಿ ಕ್ಲಾರಾ ಸ್ವೇನ್ 1870ರಲ್ಲಿ ಅನಾಥಾಲಯದ ಹುಡುಗಿಯರಿಗೆ ವೈದ್ಯಶಿಕ್ಷಣ ನೀಡತೊಡಗಿದುದನ್ನು ಇದರೊಡನೆ ಇಟ್ಟು ನೋಡಿದಾಗ ಈ ಕೊರತೆ ಎದ್ದು ಕಾಣುತ್ತದೆ.

ಆದರೂ ಶಿಕ್ಷಣದ ನಿಜವಾದ ಪರೀಕ್ಷೆ ಗುರು ಹೊರಟುಹೋದ ಅನಂತರ ನಡೆಯುತ್ತದೆ. ಗ್ರೀನ್ 1873ರಲ್ಲಿ ಜಾಫ್ನಾವನ್ನು ಬಿಟ್ಟು, ತಮ್ಮ ಹುಟ್ಟೂರಾದ ವೂಸ್ಟರಿನಿಂದಲೇ ಅನುವಾದಗಳನ್ನು ತಿದ್ದುತ್ತಿದ್ದು 1884ರಲ್ಲಿ ತೀರಿಕೊಂಡರು. ಇತ್ತ ಶಿಷ್ಯರು ತಮ್ಮ ಜನರ ನಡುವೆ, ತಮ್ಮ ಜನರ ಮಾತಿನಲ್ಲಿ, ರೋಗವನ್ನು ಹೆಸರಿಸಬಲ್ಲವರಾಗಿ ಉಳಿದರು.

ಮಾರ್ಕನ ಸುವಾರ್ತೆಯಲ್ಲಿ (3:14) ಕರ್ತನು ಹನ್ನೆರಡು ಮಂದಿಯನ್ನು ನೇಮಿಸಿದ ಉದ್ದೇಶ ಎರಡು: ಅವರು ತನ್ನ ಸಂಗಡ ಇರಬೇಕು, ಮತ್ತು ಸಾರುವುದಕ್ಕೆ ಕಳುಹಿಸಲ್ಪಡಬೇಕು. ಜೊತೆಗಿರುವುದು ಮಾತ್ರವಾದರೆ ಶಿಷ್ಯನು ಅನುಕರಣಕಾರನಾಗಿ ಉಳಿಯುತ್ತಾನೆ. ಕಳುಹಿಸಲ್ಪಡುವುದು ಮಾತ್ರವಾದರೆ ಬರಿಗೈಯವನಾಗುತ್ತಾನೆ. ಇವೆರಡರ ನಡುವಣ ಸೇತುವೆಯೇ ಭಾಷೆ. ಪಂಚಾಶತ್ತಮ ದಿನದಲ್ಲಿ ಕೂಡಿದ್ದ ಜನರು ಅವರವರ ಭಾಷೆಯಲ್ಲಿಯೇ ದೇವರ ಮಹತ್ಕಾರ್ಯಗಳನ್ನು ಕೇಳಿದುದು ಇದನ್ನೇ ದೃಢಪಡಿಸುತ್ತದೆ.

ಬಾಸೆಲ್ ಮಿಷನಿನವರು ನಮ್ಮ ನಾಡಿನಲ್ಲಿ ಈ ಸೇತುವೆಗಾಗಿ ದುಡಿದವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟು ಅದರ ಒಂದು ದೊಡ್ಡ ಕಂಬ. ಇಂದು ನಮ್ಮ ಸೆಮಿನರಿ ವಿದ್ಯಾರ್ಥಿಯು ಹಿರಿಯ ಸಭಾಪಾಲಕರ ಹಿಂದೆ ಮನೆಮನೆಗೆ, ಆಸ್ಪತ್ರೆಯ ಹಾಸಿಗೆಯ ಬಳಿಗೆ, ಸಮಾಧಿಯ ಅಂಚಿಗೆ ನಡೆಯುತ್ತಾನೆ. ಆದರೆ ಕಂಡದ್ದನ್ನು ಕುರಿತು ಬಹುಮಟ್ಟಿಗೆ ಇಂಗ್ಲಿಷ್ ಗ್ರಂಥಗಳ ನೆರವಿನಿಂದಲೇ ಚಿಂತಿಸುತ್ತಾನೆ. ಇಂಗ್ಲಿಷಿನ ಬಾಗಿಲನ್ನು ಮುಚ್ಚಬೇಕೆಂದು ನಾವು ಹೇಳುವುದಿಲ್ಲ. ಜಾಫ್ನಾದ ಶಿಷ್ಯರು ತೆತ್ತ ಬೆಲೆ ಅದಕ್ಕೆ ಎಚ್ಚರಿಕೆ. ಆದರೆ ದುಃಖಿಸುವವರ ಬಳಿ ಆಡಬೇಕಾದ ಮಾತು ಕನ್ನಡದಲ್ಲಿಯೇ ಹುಟ್ಟಬೇಕು. ಅದಕ್ಕೆ ಬೇಕಾದ ಗ್ರಂಥಗಳನ್ನು ಗುರುಶಿಷ್ಯರು ಕೂಡಿ ಬರೆಯುವುದು ಅಧ್ಯಾಪಕರಾದ ನಮ್ಮ ಮೇಲಿರುವ ಋಣ.