ಕಲಕುವಿಕೆ ಮತ್ತು ಕರಗುವಿಕೆ: ವೇಗ, ಮಿತಿ, ದಿಕ್ಕು

ಸಾರಾಂಶ

ಕಲಕಿದರೆ ಬೇಗ ಕರಗುತ್ತದೆ ಎಂಬುದು ಅಡುಗೆಮನೆಯ ಅನುಭವ. ಆದರೆ ಅದೇ ಕಲಕುವಿಕೆ ಪಾನಕದಲ್ಲಿ ಬೆಲ್ಲವನ್ನು ಕರಗಿಸುತ್ತದೆ, ಪಾಕವನ್ನು ಹರಳುಗಟ್ಟಿಸುತ್ತದೆ, ಮೊಸರಿನಿಂದ ಬೆಣ್ಣೆಯನ್ನು ಬೇರ್ಪಡಿಸುತ್ತದೆ. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾದ ಈ ಮೂರು ಪರಿಣಾಮಗಳ ಹಿಂದೆ ಒಂದೇ ತತ್ತ್ವವಿದೆ ಎಂಬುದು ಈ ಲೇಖನದ ಪ್ರತಿಪಾದನೆ. ಮಿಶ್ರಣ ಯಾವ ಸ್ಥಿತಿಯತ್ತ ಸಾಗಬೇಕೆಂಬುದನ್ನು ಕಲಕುವಿಕೆ ನಿರ್ಧರಿಸುವುದಿಲ್ಲ; ಅಲ್ಲಿಗೆ ತಲುಪುವ ಕಾಲವನ್ನು ಕಡಿಮೆ ಮಾಡುತ್ತದೆ.

1. ಹರಳಿನ ಸುತ್ತಲಿನ ಪದರ

ಕರಗುವಿಕೆಯ ದರವನ್ನು ಮೊದಲು ಸೂತ್ರಕ್ಕಿಳಿಸಿದವರು ಅಮೆರಿಕದ ಆರ್ಥರ್ ನಾಯ್ಸ್ ಮತ್ತು ವಿಲ್ಲಿಸ್ ವಿಟ್ನಿ. ಬೆಂಜೋಯಿಕ್ ಆಮ್ಲ ಹಾಗೂ ಸೀಸದ ಕ್ಲೋರೈಡಿನ ಕಡ್ಡಿಗಳನ್ನು ನೀರಿನಲ್ಲಿ ಒಂದೇ ವೇಗದಲ್ಲಿ ತಿರುಗಿಸಿ ಅವರು ನಡೆಸಿದ ಪ್ರಯೋಗಗಳು 1897ರಲ್ಲಿ ಪ್ರಕಟವಾದವು. ದ್ರಾವಣ ಪರ್ಯಾಪ್ತ ಸ್ಥಿತಿಯಿಂದ ಎಷ್ಟು ದೂರವಿದೆಯೋ ಅಷ್ಟರ ಮಟ್ಟಿಗೆ ಕರಗುವಿಕೆ ಚುರುಕಾಗಿರುತ್ತದೆ ಎಂದು ಅವರು ಕಂಡುಕೊಂಡರು. 1904ರಲ್ಲಿ ನೆರ್ನ್‌ಸ್ಟ್ ಮತ್ತು ಬ್ರೂನರ್ ಇದನ್ನು ವಿಸ್ತರಿಸಿ, ಘನವಸ್ತುವಿಗೆ ಅಂಟಿಕೊಂಡಿರುವ ತೆಳುವಾದ ದ್ರವಪದರವನ್ನು ಲೆಕ್ಕಕ್ಕೆ ತಂದರು:

ಕರಗುವ ದರ = ವಿಸರಣಾ ಗುಣಾಂಕ × ಮೇಲ್ಮೈ ವಿಸ್ತೀರ್ಣ × (ಪರ್ಯಾಪ್ತ ಸಾರತೆ − ದ್ರಾವಣದ ಸಾರತೆ) ÷ ಪದರದ ದಪ್ಪ

ಅಡುಗೆಯವರ ಉಪಾಯಗಳೆಲ್ಲ ಈ ಸೂತ್ರದಲ್ಲಿ ಸಿಗುತ್ತವೆ. ಬೆಲ್ಲವನ್ನು ಕುಟ್ಟಿದಾಗ ಮೇಲ್ಮೈ ಹೆಚ್ಚುತ್ತದೆ. ನೀರನ್ನು ಬಿಸಿ ಮಾಡಿದಾಗ ವಿಸರಣೆಯೂ ಪರ್ಯಾಪ್ತ ಸಾರತೆಯೂ ಏರುತ್ತವೆ. ಕಲಕಿದಾಗ ಪದರ ತೆಳುವಾಗುತ್ತದೆ. ಜೊತೆಗೆ ತಳದಲ್ಲಿ ಗುಡ್ಡೆಯಾಗಿದ್ದ ಹರಳುಗಳು ಬಿಡಿಬಿಡಿಯಾಗಿ ಹೊಸ ನೀರಿಗೆ ಮೈಯೊಡ್ಡುತ್ತವೆ.

2. ದೂರ ಮತ್ತು ಕಾಲದ ಲೆಕ್ಕ

ವಿಸರಣೆಗೆ ಬೇಕಾಗುವ ಕಾಲ ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸಕ್ಕರೆಯ ವಿಸರಣಾ ಗುಣಾಂಕ ಸೆಕೆಂಡಿಗೆ ಸುಮಾರು 5×10⁻¹⁰ ಚದರ ಮೀಟರ್. ಈ ದರದಲ್ಲಿ ಸಕ್ಕರೆಯ ಅಣುಗಳು 5 ಸೆಂಟಿಮೀಟರ್ ಹರಡಲು ಸರಿಸುಮಾರು 29 ದಿನ ಬೇಕು, 1 ಮಿಲಿಮೀಟರಿಗೆ 17 ನಿಮಿಷ, 0.05 ಮಿಲಿಮೀಟರಿಗೆ ಎರಡೂವರೆ ಸೆಕೆಂಡು. ಚಮಚ ಅಣುಗಳನ್ನು ಒಂದೊಂದಾಗಿ ಬೆರೆಸುವುದಿಲ್ಲ. ಅದು ದ್ರವವನ್ನು ಎಳೆದು ಮಡಚಿ ಸಿಹಿನೀರು ಮತ್ತು ಸಪ್ಪೆನೀರಿನ ತೆಳು ಎಳೆಗಳನ್ನಾಗಿಸುತ್ತದೆ. ಕೊನೆಯ ಆ ಕಿರಿದಾದ ಅಂತರವನ್ನು ದಾಟುವುದು ವಿಸರಣೆಯೇ.

ದ್ರವ ತಾನಾಗಿ ಚಲಿಸಿದರೂ ಇದೇ ಪ್ರಯೋಜನ. ಬೆಲ್ಲದ ಅಚ್ಚನ್ನು ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ತೂಗಿಬಿಟ್ಟರೆ, ತಳದಲ್ಲಿ ಬಿದ್ದ ಅಚ್ಚಿಗಿಂತ ಬೇಗ ಕರಗುತ್ತದೆ. ಭಾರವಾದ ಸಿಹಿದ್ರಾವಣ ಕೆಳಗಿಳಿದಂತೆ ಹಗುರವಾದ ನೀರು ಅದರ ಜಾಗಕ್ಕೆ ಬರುತ್ತದೆ.

3. ದಾಟಲಾಗದ ಮಿತಿ

100 ಗ್ರಾಂ ನೀರು 20 ಡಿಗ್ರಿಯಲ್ಲಿ ಸುಮಾರು 200 ಗ್ರಾಂ ಸಕ್ಕರೆಯನ್ನೂ 36 ಗ್ರಾಂ ಉಪ್ಪನ್ನೂ ಕರಗಿಸಿಕೊಳ್ಳಬಲ್ಲದು. ಎಷ್ಟೇ ಕಲಕಿದರೂ ಈ ವಿಲೀನತೆ ಹೆಚ್ಚುವುದಿಲ್ಲ. ಉಪ್ಪಿನ ವಿಷಯದಲ್ಲಿ ಕುದಿಯುವ ನೀರೂ ಹೆಚ್ಚಿಗೆ ನೆರವಾಗದು. 100 ಡಿಗ್ರಿಯಲ್ಲಿ ಮಿತಿ 39 ಗ್ರಾಮಿನಷ್ಟೇ. ದರ ಮತ್ತು ಮಿತಿ ಬೇರೆಬೇರೆ ಎಂಬ ಈ ವಿವೇಚನೆ ಔಷಧ ಪರೀಕ್ಷೆಯಲ್ಲಿ ಬಹಳ ಮುಖ್ಯ. ಮಾತ್ರೆ ಕರಗುವ ದರವನ್ನು ಅಳೆಯುವಾಗ ದ್ರವವನ್ನು 37 ಡಿಗ್ರಿಯಲ್ಲಿಟ್ಟು, ಹುಟ್ಟಿನಾಕಾರದ ಕಲಕುವ ಸಾಧನವನ್ನು ನಿಗದಿತ ವೇಗದಲ್ಲಿ, ಹಲವು ಬಾರಿ ನಿಮಿಷಕ್ಕೆ 50 ಸುತ್ತಿನಂತೆ, ತಿರುಗಿಸುತ್ತಾರೆ. ವೇಗ ಬದಲಾದರೆ ಫಲಿತಾಂಶಗಳ ಹೋಲಿಕೆಗೆ ಅರ್ಥವಿರುವುದಿಲ್ಲ.

4. ಹರಳು ಮತ್ತು ಬೆಣ್ಣೆ

ಆಲೆಮನೆಯ ಕೊಪ್ಪರಿಗೆಯಿಂದ ಇಳಿಸಿದ ಪಾಕ ಆರುತ್ತಿದ್ದಂತೆ ಅತಿಪರ್ಯಾಪ್ತವಾಗುತ್ತದೆ. ಅದರಲ್ಲಿ ಮಿತಿ ಮೀರಿದ ಸಕ್ಕರೆಯಿದ್ದು, ಹೊರಬರಲು ನೆಲೆ ಬೇಕಿರುತ್ತದೆ. ಆಗ ಗೊಟಾಯಿಸಿದರೆ ಮೊದಲ ಹರಳುಗಳು ಒಡೆದು ಎಲ್ಲೆಡೆ ಹರಡಿ, ಪ್ರತಿಯೊಂದು ತುಣುಕೂ ಹೊಸ ಹರಳಿಗೆ ಬೀಜವಾಗುತ್ತದೆ. ಪುಡಿಬೆಲ್ಲದ ತಯಾರಿಕೆ ನಿಂತಿರುವುದು ಇದರ ಮೇಲೆ.

ಮೊಸರು ಕಡೆಯುವಾಗಿನ ಸಂಗತಿ ಇನ್ನೂ ಸೂಕ್ಷ್ಮ. ಹಾಲಿನ ಕೊಬ್ಬಿನ ಗೋಲಕಗಳು ಒಂದಾಗಬಯಸಿದರೂ ಅವುಗಳ ಸುತ್ತಲಿನ ತೆಳುಪೊರೆ ಅದಕ್ಕೆ ಅಡ್ಡ. ಕಡಗೋಲಿನ ಹೊಡೆತಕ್ಕೆ ಪೊರೆ ಹರಿದು, ಅರೆಗಟ್ಟಿಯಾದ ಕೊಬ್ಬು ಅಂಟಿಕೊಂಡು ಬೆಣ್ಣೆಯಾಗುತ್ತದೆ. ಕೊಬ್ಬು ಪೂರ್ತಿ ಕರಗಿದ್ದರೂ ಪೂರ್ತಿ ಗಟ್ಟಿಯಾಗಿದ್ದರೂ ಅದು ಸರಿಯಾಗಿ ಅಂಟದು. ಬೇಸಿಗೆಯಲ್ಲಿ ತಣ್ಣೀರನ್ನೂ ಚಳಿಯಲ್ಲಿ ಬೆಚ್ಚನೆಯ ನೀರನ್ನೂ ಸೇರಿಸುವ ರೂಢಿ ಈ ಹದವನ್ನು ಕಾಯುತ್ತದೆ.

ಎಣ್ಣೆ ಮತ್ತು ನೀರನ್ನು ರಭಸದಿಂದ ಕಲಕಿದಾಗ ಅವು ಬೆರೆತಂತೆ ಕಾಣುವುದು ನಮ್ಮ ವಾದಕ್ಕೆ ಅಪವಾದವೆನಿಸಬಹುದು. ಅಲ್ಲಿ ತೋಳಿನ ಶ್ರಮ ಎಣ್ಣೆಯನ್ನು ಹನಿಗಳಾಗಿ ಒಡೆದಿರುತ್ತದೆ, ಕರಗಿಸಿರುವುದಿಲ್ಲ. ಕೈ ನಿಂತೊಡನೆ ಹನಿಗಳು ಕೂಡಿಕೊಳ್ಳತೊಡಗುತ್ತವೆ.

5. ಉಪಸಂಹಾರ

ಹೆಚ್ಚು ಕಲಕಿದರೆ ಹೆಚ್ಚು ಕರಗುತ್ತದೆ ಎಂಬ ತಪ್ಪು ತಿಳಿವಳಿಕೆ ಮಕ್ಕಳಲ್ಲಿ ಸುಲಭವಾಗಿ ಬೇರೂರುತ್ತದೆ. ಇದನ್ನು ತರಗತಿಯಲ್ಲೇ ತಿದ್ದಬಹುದು. ಎರಡು ಲೋಟಗಳಲ್ಲಿ ತಲಾ 100 ಗ್ರಾಂ ನೀರು, 50 ಗ್ರಾಂ ಉಪ್ಪು ಹಾಕಿ, ಒಂದನ್ನು ಚೆನ್ನಾಗಿ ಕಲಕಿ, ಇನ್ನೊಂದನ್ನು ಮುಟ್ಟದೆ ಬಿಡಬೇಕು. ನೀರು ಆವಿಯಾಗದಂತೆ ಎರಡನ್ನೂ ಬಿಗಿಯಾಗಿ ಮುಚ್ಚಿಡಬೇಕು. ಮೊದಲ ದಿನ ಅವುಗಳ ನಡುವೆ ಎದ್ದು ಕಾಣುವ ವ್ಯತ್ಯಾಸವಿರುತ್ತದೆ. ಕೆಲವು ವಾರಗಳ ನಂತರ ಎರಡರ ತಳದಲ್ಲೂ ಉಳಿಯುವುದು ಸುಮಾರು 14 ಗ್ರಾಂ ಉಪ್ಪು.